ತರಗತಿಯಲ್ಲಿ ಬೈಗುಳ: ಶಿಸ್ತುಕ್ರಮ ಯಾವಾಗ, ಎಷ್ಟು?

ಪ್ರಶ್ನೆ (ಚಿಂತಾಮಣಿ ತಾಲ್ಲೂಕಿನ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಪೋಷಕ ಸದಸ್ಯರು):

ನಮಸ್ಕಾರ ಸರ್. ನಮ್ಮ ಊರಿನ ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಷ್ಟ್ರು ಒಂಬತ್ತನೇ ತರಗತಿಯ ಮಕ್ಕಳನ್ನು ಅವಾಚ್ಯ ಶಬ್ದಗಳಿಂದ ಬೈಯುತ್ತಾರೆಂದು ಪೋಷಕರು ದೂರುತ್ತಿದ್ದಾರೆ. ಅವರು ಪಾಠ ಚೆನ್ನಾಗಿ ಮಾಡುತ್ತಾರೆ, ಎಸ್‌ಎಸ್‌ಎಲ್‌ಸಿಯಲ್ಲಿ ಅವರ ವಿಷಯದ ಫಲಿತಾಂಶವೂ ಒಳ್ಳೆಯದಿದೆ, ಯಾವ ಮಗುವಿನ ಮೇಲೂ ಕೈ ಮಾಡಿದವರಲ್ಲ. ಸಮಿತಿಯಲ್ಲಿ ಕೆಲವರು ಅಮಾನತು ಮಾಡಿಸಲೇಬೇಕು ಎನ್ನುತ್ತಿದ್ದಾರೆ. ಬಾಯಿಮಾತಿಗೆಲ್ಲ ಶಿಸ್ತುಕ್ರಮವೇ ಎಂದು ಉಳಿದವರು ಕೇಳುತ್ತಿದ್ದಾರೆ. ನಿಯಮ ಏನು ಹೇಳುತ್ತದೆ?

ಉತ್ತರ (ನಿವೃತ್ತ ಕ್ಷೇತ್ರ ಶಿಕ್ಷಣಾಧಿಕಾರಿ):

ನಮಸ್ಕಾರ. ಕೈ ಮಾಡಿಲ್ಲ ಎಂಬ ಸಮರ್ಥನೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸುವ ಅದೇ ವಾಕ್ಯದಲ್ಲಿ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ್ದು, ಉಲ್ಲಂಘಿಸಿದವರ ಮೇಲೆ ಅವರಿಗೆ ಅನ್ವಯಿಸುವ ಸೇವಾ ನಿಯಮಗಳಡಿ ಶಿಸ್ತುಕ್ರಮ ಜರುಗಿಸಬಹುದೆಂದು ಹೇಳಿದೆ. ಆದರೆ ಆ ಕಾಯ್ದೆಯಲ್ಲಿ ಮಗು ಎಂದರೆ 6ರಿಂದ 14 ವರ್ಷದವರು. ಒಂಬತ್ತನೇ ತರಗತಿಯ ಹಲವು ಮಕ್ಕಳು ಆ ವಯಸ್ಸು ದಾಟಿರುತ್ತಾರಾದ್ದರಿಂದ ನಿಮ್ಮ ದೂರನ್ನು 17ನೇ ಕಲಮಿನ ಮೇಲಷ್ಟೇ ನಿಲ್ಲಿಸಬೇಡಿ. ಸರ್ಕಾರಿ ನೌಕರನಿಗೆ ತಕ್ಕುದಲ್ಲದ ನಡತೆಯನ್ನು ನಿಷೇಧಿಸುವ 2021ರ ನಡತೆ ನಿಯಮಗಳು ಮಗುವಿನ ವಯಸ್ಸನ್ನು ಕೇಳುವುದಿಲ್ಲ.

ಇನ್ನು ಶಿಸ್ತುಕ್ರಮ ಬೇಕೇ ಎಂಬ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಆಡಿದ ಮಾತು ಎಷ್ಟು ಕೊಳಕಾಗಿತ್ತು ಎಂಬುದಕ್ಕಿಂತ ಅದು ಯಾರನ್ನು ಗುರಿಯಾಗಿಟ್ಟುಕೊಂಡಿತ್ತು ಎಂಬುದನ್ನು ಮೊದಲು ನೋಡಬೇಕು. ಪ್ರೊಜೆಕ್ಟರ್ ಕೈಕೊಟ್ಟಾಗಲೋ ಮೇಜಿನ ಮೂಲೆ ಮೊಣಕಾಲಿಗೆ ಬಡಿದಾಗಲೋ ಬಾಯಿಂದ ಹೊರಬಿದ್ದ ಒಂದು ಹೊಲಸು ಮಾತಿಗೆ ಮುಖ್ಯೋಪಾಧ್ಯಾಯರು ಕೊಠಡಿಗೆ ಕರೆದು ಹೇಳುವ ಎಚ್ಚರಿಕೆ ಸಾಕು. ಅದೇ ಮಾತನ್ನು ಒಬ್ಬ ಹುಡುಗನ ಕಡೆಗೆ, ಅವನ ತಾಯಿಯನ್ನು ಎಳೆದು ತಂದು, ನಲವತ್ತು ಮಕ್ಕಳ ಎದುರು ಆಡಿದರೆ ಅದು ದುರ್ನಡತೆಯೇ, ಫಲಿತಾಂಶ ಶೇಕಡಾ ನೂರಿದ್ದರೂ ಸರಿಯೇ.

ಒಂದೂ ಅವಾಚ್ಯ ಶಬ್ದವಿಲ್ಲದೆಯೂ ಈ ದುರ್ನಡತೆ ನಡೆಯುತ್ತದೆ, ಮತ್ತು ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಹಾಗೆಯೇ. ‘ನೀನು ದನ ಕಾಯುವುದಕ್ಕೇ ಲಾಯಕ್ಕು’ ಎಂಬ ಮಾತನ್ನು ಶಾಲಾ ತನಿಖೆಗಳಲ್ಲಿ ಯಾರೂ ಬೈಗುಳವೆಂದು ಬರೆದುಕೊಳ್ಳುವುದಿಲ್ಲ. ಬೆಳಿಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಆಮೇಲೆ ಶಾಲೆಗೆ ಬರುವ ಮಕ್ಕಳು ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಆ ಹಾಲಿನ ಬಟವಾಡೆಯಿಂದಲೇ ಅವರ ನೋಟ್‌ಬುಕ್ಕು ಬಂದಿರುತ್ತದೆ. ಅಂಥ ಮಗುವಿಗೆ ಈ ಮಾತು ತನ್ನ ಮನೆಯ ಮೇಲೆ ಕೊಟ್ಟ ತೀರ್ಪಾಗಿ ಕೇಳಿಸುತ್ತದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯು ತಂದೆತಾಯಿಯ ಕಸುಬನ್ನೋ ಜಾತಿಯನ್ನೋ ಹಿಡಿದು ಹೀಯಾಳಿಸುವುದನ್ನು, ಚುಚ್ಚುಮಾತಿನಿಂದ ಮಗುವಿನ ಮಾನ ಕುಗ್ಗಿಸುವುದನ್ನು ಮಾನಸಿಕ ಹಿಂಸೆ ಎಂದೇ ಪರಿಗಣಿಸಿದೆ. ಹೀಗಾಗಿ ದೂರು ಬರೆಯುವಾಗ ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎಂಬ ಸಿದ್ಧ ವಾಕ್ಯವನ್ನು ಬಿಟ್ಟು, ಯಾವ ದಿನ, ಯಾವ ಪಿರಿಯಡ್‌ನಲ್ಲಿ, ಯಾರಿಗೆ, ಯಾವ ಮಾತು ಎಂಬುದನ್ನು ಆಡಿದಂತೆಯೇ ಬರೆಯಿರಿ. ಬರೆಯಲು ಮುಜುಗರವಾಗುತ್ತದೆಂದು ಬಿಟ್ಟ ಆ ಒಂದು ಸಾಲಿನಿಂದಲೇ ಅನೇಕ ದೂರುಗಳು ಬಿದ್ದುಹೋಗುತ್ತವೆ.

ಅಮಾನತು ಮಾಡಿಸುವ ಆತುರ ಬೇಡ. ರಾಜ್ಯ ಸರ್ಕಾರಿ ನೌಕರರ ಶಿಸ್ತುಕ್ರಮಕ್ಕೆ ಅನ್ವಯಿಸುವ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ಪ್ರಕಾರ ಅಮಾನತು ಶಿಕ್ಷೆಯಲ್ಲ, ವಿಚಾರಣೆಗೆ ಅಡ್ಡಿಯಾಗದಿರಲಿ ಎಂಬುದಕ್ಕಾಗಿ ಇರುವ ಏರ್ಪಾಡು. ಊರಿನವರ ಸಿಟ್ಟು ಇಳಿಸಲು ಅದನ್ನು ಬಳಸಿದರೆ ಮೇಷ್ಟ್ರು ಕೆಲವು ತಿಂಗಳು ಜೀವನಾಧಾರ ಭತ್ಯೆ ಪಡೆದು ಹಿಂದಿರುಗುತ್ತಾರೆ, ಮಕ್ಕಳಿಗೆ ಅಷ್ಟು ದಿನ ಗಣಿತ ಇರುವುದಿಲ್ಲ. ವಾಗ್ದಂಡನೆ ಅಥವಾ ವೇತನ ಬಡ್ತಿ ತಡೆಯಂಥ ಲಘು ದಂಡನೆಗಾದರೂ ಆರೋಪವನ್ನು ಲಿಖಿತವಾಗಿ ಕೊಟ್ಟು ಅವರ ವಿವರಣೆ ಪಡೆಯಬೇಕು. ಹಿಂಬಡ್ತಿ, ವಜಾ ಮುಂತಾದ ಕಠಿಣ ದಂಡನೆಗೆ ದೋಷಾರೋಪ ಪಟ್ಟಿ, ಸಾಕ್ಷ್ಯ, ಪೂರ್ಣ ಇಲಾಖಾ ವಿಚಾರಣೆ ಬೇಕು. ನೀವು ಹೇಳಿದ ಸಂಗತಿಗಳು ಇಷ್ಟೇ ಆಗಿದ್ದರೆ ಹಾಗೂ ಇದು ಮೊದಲ ದೂರಾಗಿದ್ದರೆ, ಸೇವಾ ಪುಸ್ತಕದಲ್ಲಿ ನಮೂದಾಗುವ ವಾಗ್ದಂಡನೆಯೇ ತಕ್ಕ ಕ್ರಮ ಎಂದು ನನಗನ್ನಿಸುತ್ತದೆ.

ಮರುಪ್ರಶ್ನೆ (ಶ್ರೀನಿವಾಸಪುರ ತಾಲ್ಲೂಕಿನ ಸಹಶಿಕ್ಷಕಿ):

ಸರ್, ಮಕ್ಕಳು ತಮ್ಮತಮ್ಮಲ್ಲೇ, ಕೆಲವೊಮ್ಮೆ ನಮಗೂ ಕೇಳಿಸುವಂತೆ, ಕನ್ನಡದಲ್ಲೂ ತೆಲುಗಿನಲ್ಲೂ ಬೈದಾಡುತ್ತಾರೆ. ಅವರಿಗಿಲ್ಲದ ಶಿಸ್ತು ನಮಗೆ ಮಾತ್ರವೇ? ಜಾತಿಯ ಹೆಸರು ಬಂದರೆ ಮೊಕದ್ದಮೆಯಾಗುತ್ತದೆ ಎಂದು ಹೆದರಿಸುವವರೂ ಇದ್ದಾರೆ.

ಉತ್ತರ:

ಮೇಡಂ, ನಿಮ್ಮ ಬೇಸರ ನ್ಯಾಯವಾದದ್ದು. ಆದರೆ ಮಗು ಬೈದರೆ ಅದನ್ನು ತಿದ್ದುವುದು ಶಾಲೆಯ ಕೆಲಸ. ಶಿಕ್ಷಕರು ಬೈದರೆ ಅಧಿಕಾರ ಮತ್ತು ಅಂಕ ಎರಡೂ ಅವರ ಕೈಯಲ್ಲೇ ಇರುವುದರಿಂದ ಮಗುವಿಗೆ ತಿರುಗಿ ಮಾತಾಡುವ ದಾರಿ ಇರುವುದಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ವಿದ್ಯಾರ್ಥಿ ನಿಮ್ಮನ್ನೇ ನಿಂದಿಸಿದರೆ ಅಲ್ಲೇ ಎದುರುತ್ತರ ಕೊಡದೆ, ಅದೇ ದಿನ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ ಪೋಷಕರನ್ನು ಕರೆಸಿ.

ಜಾತಿಯ ವಿಷಯದಲ್ಲಿ ಅವರು ಹೇಳಿದ್ದು ಬರಿಯ ಬೆದರಿಕೆಯಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳದಲ್ಲಿ ಜಾತಿಯ ಹೆಸರಿನಿಂದ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಂಥ ಸ್ಥಳ ಯಾವುದೆಂದು ಪ್ರಕರಣದ ಸಂಗತಿಗಳನ್ನು ನೋಡಿ ನ್ಯಾಯಾಲಯ ತೀರ್ಮಾನಿಸಬೇಕೇ ಹೊರತು, ಎಸ್‌ಡಿಎಂಸಿ ಕುಳಿತು ರಾಜಿ ಮಾಡುವಂತಿಲ್ಲ. ಶಾಲೆಯ ಮಟ್ಟದ ಎಚ್ಚರಿಕೆ ಸಾಕೆಂದು ನಾನು ಮೇಲೆ ಹೇಳಿದ್ದು ಈ ಬಗೆಯ ಮಾತಿಗೆ ಅನ್ವಯಿಸುವುದೇ ಇಲ್ಲ.

ಮರುಪ್ರಶ್ನೆ (ಮೊದಲ ಪ್ರಶ್ನೆ ಕೇಳಿದ ಸದಸ್ಯರು):

ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡಿದ್ದಾನಂತೆ. ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಬಹುದೇ? ಮಕ್ಕಳ ಹೇಳಿಕೆ ಸಾಕಾಗುವುದಿಲ್ಲವೇ?

ಉತ್ತರ:

ಖಂಡಿತ ಹಾಕಬೇಡಿ. ಅದರಲ್ಲಿ ಬೈಸಿಕೊಂಡ ಮಗುವಿನ ಮುಖ ಕಾಣುತ್ತಿರುತ್ತದೆ. ತರಗತಿಯೊಳಗಾದ ಅವಮಾನ ಊರೆಲ್ಲ ಹರಡುತ್ತದೆ. ಮೂಲ ವಿಡಿಯೊವನ್ನು ಕತ್ತರಿಸದೆ ಹಾಗೆಯೇ ಇರಿಸಿ, ಪ್ರತಿಯನ್ನು ದೂರಿನ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹುಡುಗ ಮೊಬೈಲ್ ತಂದದ್ದು ಬೇರೆ ವಿಚಾರ, ಅದನ್ನು ಮುಂದಿಟ್ಟು ದೂರನ್ನು ತಳ್ಳಿಹಾಕಲು ಬಿಡಬೇಡಿ.

ಮಕ್ಕಳ ಹೇಳಿಕೆಗೂ ಬೆಲೆಯಿದೆ, ಪಡೆಯುವ ಕ್ರಮ ಸರಿಯಿದ್ದರೆ. ಇಡೀ ತರಗತಿಯನ್ನು ನಿಲ್ಲಿಸಿ, ಅದೇ ಮೇಷ್ಟ್ರ ಎದುರಿನಲ್ಲಿ ‘ಸರ್ ಬೈದರಾ?’ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಒಬ್ಬೊಬ್ಬರನ್ನೇ, ಪೋಷಕರ ಸಮ್ಮುಖದಲ್ಲಿ, ಅವರ ಮಾತಿನಲ್ಲೇ ಬರೆದುಕೊಳ್ಳುವಂತೆ ವಿಚಾರಣೆಗೆ ಬರುವ ಅಧಿಕಾರಿಯನ್ನು ಕೋರಿ. ದೂರು ಕೊಟ್ಟ ಮಕ್ಕಳ ಆಂತರಿಕ ಅಂಕಗಳನ್ನು ವಿಚಾರಣೆ ಮುಗಿಯುವವರೆಗೆ ಬೇರೆ ಶಿಕ್ಷಕರು ನೋಡಿಕೊಳ್ಳಲಿ ಎಂದೂ ಅದೇ ಅರ್ಜಿಯಲ್ಲಿ ಬರೆಯಿರಿ; ಪೋಷಕರು ಹಿಂಜರಿಯುವುದು ಬಹುತೇಕ ಆ ಅಂಕಗಳ ಭಯದಿಂದಲೇ.