ಕಾಣದ ದವಡೆ ಹಲ್ಲು ಹೋದರೆ ಮತ್ತೆ ಕಟ್ಟಿಸಲೇಬೇಕೆ?

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 58 ವರ್ಷ. ಹುಳುಕು ಬೇರಿನವರೆಗೂ ಇಳಿದಿದ್ದರಿಂದ ಕೆಳಗಿನ ಸಾಲಿನ ಬಲಗಡೆಯ ಮೊದಲ ದೊಡ್ಡ ದವಡೆ ಹಲ್ಲನ್ನು ಎಂಟು ತಿಂಗಳ ಹಿಂದೆ ಕೀಳಿಸಬೇಕಾಯಿತು. ‘ನಕ್ಕರೂ ಯಾರಿಗೂ ಕಾಣದ ಹಲ್ಲಿಗೆ ಯಾಕಪ್ಪಾ ಅಷ್ಟು ದುಡ್ಡು, ಇನ್ನೊಂದು ಕಡೆಯಿಂದ ಅಗಿದರಾಯಿತು’ ಎನ್ನುತ್ತಾರೆ. ಆದರೆ ಮೊನ್ನೆ ಊಟಕ್ಕೆ ಕುಳಿತಾಗ ಗಮನಿಸಿದೆ: ಜೋಳದ ರೊಟ್ಟಿಯ ಚೂರನ್ನು ಬೇಳೆಯಲ್ಲಿ ನೆನೆಸಿಟ್ಟು ಎಡಗಡೆಯಿಂದಲೇ ನಿಧಾನವಾಗಿ ಅಗಿಯುತ್ತಿದ್ದರು, ಇಷ್ಟದ ಹಸಿ ಸೌತೆಕಾಯಿಯನ್ನು ಮುಟ್ಟಲೇ ಇಲ್ಲ. ಒಂದೇ ಹಲ್ಲು ಇಲ್ಲದಿದ್ದರೆ ನಿಜವಾಗಿಯೂ ತೊಂದರೆಯಾಗುತ್ತದೆಯೇ?

ಉತ್ತರ (ಪುಣೆಯಿಂದ)

ನಾನು ದಂತವೈದ್ಯೆ. ಆರನೆಯ ವಯಸ್ಸಿನ ಸುಮಾರಿಗೆ ಮೂಡುವ ಆ ಹಲ್ಲು ಅಗಿಯುವ ಕೆಲಸದಲ್ಲಿ ದೊಡ್ಡ ಪಾಲು ಹೊರುತ್ತದೆ. ಹಲ್ಲುಗಳು ಒಂದಕ್ಕೊಂದು ಒತ್ತಾಸೆಯಾಗಿ ನಿಂತಿರುವುದರಿಂದ, ನಡುವಿನದು ಹೋದಾಗ ಹಿಂದಿನ ಹಲ್ಲು ಬರಬರುತ್ತಾ ಖಾಲಿ ಜಾಗದತ್ತ ವಾಲುತ್ತದೆ, ಎದುರಿನ ತಡೆ ಕಳೆದುಕೊಂಡ ಮೇಲಿನ ಹಲ್ಲು ಕೆಳಕ್ಕೆ ಇಳಿಯತೊಡಗುತ್ತದೆ. ವಾಲಿದ ಹಲ್ಲಿನ ಬುಡಕ್ಕೆ ಬ್ರಷ್ ಸರಿಯಾಗಿ ತಲುಪದೆ ಅಲ್ಲಿ ಆಹಾರ ಸಿಕ್ಕಿಕೊಂಡು, ಹುಳುಕೂ ವಸಡಿನ ರೋಗವೂ ಗಟ್ಟಿಯಾಗಿದ್ದ ಹಲ್ಲಿಗೇ ಅಂಟುತ್ತವೆ. ಎಲ್ಲರಲ್ಲೂ ಇದು ಒಂದೇ ವೇಗದಲ್ಲಿ ಆಗುವುದಿಲ್ಲ, ಕೆಲವರಲ್ಲಿ ಬಹಳ ಕಡಿಮೆ.

ನನಗೆ ಹೆಚ್ಚು ಚಿಂತೆ ಮೂಳೆಯದು. ಬೇರಿನ ಮೂಲಕ ಬೀಳುವ ಒತ್ತಡ ನಿಂತರೆ ಆ ಭಾಗದ ಮೂಳೆ ಕರಗುತ್ತದೆ. ಮೊದಲ ವರ್ಷದಲ್ಲೇ ಅದರ ಅಗಲ ಸುಮಾರು ಅರ್ಧದಷ್ಟು ಕುಗ್ಗಬಹುದು. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ವಿಜ್ಞಾನಿ ಬ್ರೋನೆಮಾರ್ಕ್ ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸಿ ಮೇಲೆ ಹಲ್ಲು ಕಟ್ಟುವ ಲೋಹದ ಬೇರು) ಕೂರಿಸಿದರು. ಇಂದಿಗೂ ಆ ಬೆಸುಗೆಗೆ ಸಾಕಷ್ಟು ಮೂಳೆ ಬೇಕು. ಬ್ರಿಜ್, ಅಂದರೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು, ಹಾಕಿಸಿದರೆ ಅಗಿಯಲು ಬರುತ್ತದೆ, ಆದರೆ ಆ ಹಲ್ಲುಗಳನ್ನು ತೇಯಬೇಕಾಗುತ್ತದೆ, ಕೆಳಗಿನ ಮೂಳೆಯ ಸವೆತವೂ ನಿಲ್ಲುವುದಿಲ್ಲ. ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ಟು ಅಗ್ಗ. ತಾಯಿಯವರಿಗೆ ಸಕ್ಕರೆ ಕಾಯಿಲೆಯಿದ್ದರೆ ಅಥವಾ ಮಿಶ್ರಿ (ಹುರಿದ ತಂಬಾಕಿನ ಪುಡಿ) ಉಜ್ಜುವ ಅಭ್ಯಾಸವಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಉತ್ತರ (ಮುಲುಂಡಿನಿಂದ)

ನಾನೂ ನಿಮ್ಮ ತಾಯಿಯವರ ಮಾತನ್ನೇ ಹೇಳಿಕೊಂಡು ಆರು ವರ್ಷ ಕಳೆದೆ. ಕೊನೆಗೆ ವೈದ್ಯರು ಕೈಗೆ ಕನ್ನಡಿ ಕೊಟ್ಟು ಬಾಯಿ ಮುಚ್ಚುವಂತೆ ಹೇಳಿ ಕೆನ್ನೆಯನ್ನು ಸರಿಸಿದಾಗ, ಮೇಲಿನ ಹಲ್ಲು ಕೆಳಗಿನ ಖಾಲಿ ವಸಡಿಗೆ ಒತ್ತಿ ಅಲ್ಲೊಂದು ಕೆಂಪು ಗುಳಿ ಮೂಡಿಸಿದ್ದು ಕಂಡಿತು. ಹೊಸ ಹಲ್ಲಿಗೆ ಜಾಗವೇ ಉಳಿದಿರಲಿಲ್ಲ. ಏನೂ ಆಗದ ಆ ಮೇಲಿನ ಹಲ್ಲಿಗೆ ರೂಟ್ ಕೆನಾಲ್ ಮಾಡಿ, ತೇಯ್ದು, ಕ್ಯಾಪ್ ಹಾಕಿದ ಮೇಲೆಯೇ ಕೆಳಗಿನ ಕೆಲಸ ಶುರುವಾದದ್ದು. ಒಂದು ಹಲ್ಲಿನ ಖರ್ಚು ಎರಡು ಹಲ್ಲಿಗಾಯಿತು.

ಉತ್ತರ (ಮಾಟುಂಗಾದಿಂದ)

ಹಣದ ಚಿಂತೆಯಿದ್ದರೆ ಮುಂಬೈ ಸೆಂಟ್ರಲ್‌ನಲ್ಲಿರುವ ನಾಯರ್ ದಂತ ಕಾಲೇಜಿನಲ್ಲಿಯೋ ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿಯ ಸರ್ಕಾರಿ ದಂತ ಕಾಲೇಜಿನಲ್ಲಿಯೋ ಒಮ್ಮೆ ತೋರಿಸಿ. ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಬಹಳ ಕಡಿಮೆ, ಆದರೆ ಸರದಿಗೆ ಕಾಯಬೇಕು, ಹಲವು ಸಲ ಹೋಗಬೇಕು. ಅಮ್ಮನವರನ್ನು ಸ್ಲೋ ಲೋಕಲ್ ರೈಲಿನಲ್ಲಿ, ಜನಸಂದಣಿ ಇಳಿದ ಮೇಲೆ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು

ಮುಲುಂಡಿನವರ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಏನೂ ಮಾತನಾಡದೆ ಎದ್ದು ಹೋಗಿ, ಕನ್ನಡಿಯ ಮುಂದೆ ಕೆನ್ನೆ ಎಳೆದು ನೋಡಿಕೊಂಡರು. ಮಿಶ್ರಿಯ ಅಭ್ಯಾಸವಿಲ್ಲ, ಸಕ್ಕರೆ ಕಾಯಿಲೆಯಿದೆ. ಮೊದಲು ರಕ್ತಪರೀಕ್ಷೆ ಮಾಡಿಸಿ ಬರುವ ವಾರ ನಾಯರ್‌ಗೆ ಹೋಗುತ್ತೇವೆ.