ಸಹಾಯ ಬೇಕು: ಅಡಿಕೆ ಡ್ರೈಯರ್ ಒಲೆ ಬೆಳಗಿನ ತನಕ ಉರಿಯಬೇಕು

ಬೇಯಿಸಿದ ಕೆಂಪಡಿಕೆ ಒಣಗಿಸುವ ಕಟ್ಟಿಗೆ ಡ್ರೈಯರ್. 200 ಲೀಟರ್ ಡ್ರಮ್ಮಿನ ಒಲೆ, 6 ಇಂಚಿನ ಹೊಗೆ ಕೊಳವೆ. ರಾತ್ರಿ 10ಕ್ಕೆ ತುಂಬಿದರೆ 2 ಗಂಟೆಗೆಲ್ಲ ಬರೀ ಬೂದಿ. ಬೆಳಗ್ಗೆ 5ಕ್ಕೆ ಕೆಂಡ ಉಳಿದಿರಬೇಕು.

ಈಗ ಮಾಡುತ್ತಿರುವುದು: ಹಳೆ ಕೆಂಡವನ್ನು ಬಾಗಿಲ ಕಡೆ ಎಳೆದು, ಹಿಂದೆ ದಪ್ಪ ಮರದ ಕುಂಟೆಗಳನ್ನು (ದಿಮ್ಮಿಗಳನ್ನು) ಸಂದಿಲ್ಲದಂತೆ ಜೋಡಿಸುವುದು. ಸಣ್ಣ ಸೀಳು ಬೇಡ, ಬೇಗ ಹತ್ತಿ ಬೇಗ ಮುಗಿಯುತ್ತೆ. ಸುಮಾರು 20 ನಿಮಿಷ ಗಾಳಿ ಪೂರ್ತಿ ಬಿಟ್ಟು, ಕುಂಟೆಯ ಮೈ ಕರಕಲಾದ ಮೇಲಷ್ಟೇ ತಗ್ಗಿಸುವುದು. ತುಂಬಿದ ಕೂಡಲೇ ಮುಚ್ಚಿದರೆ ಬರೀ ಹೊಗೆ. ಕೊಳವೆಯೊಳಗೆ ಡಾಂಬರಿನಂಥ ಮಸಿ ಕಟ್ಟಿ ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತೆ. (ಹಸಿ ಅಕೇಶಿಯಾ ಹಾಕಿ, ನಿಧಾನ ಉರಿಯುತ್ತೆ ಅನ್ನಬೇಡಿ. ಒಂದಷ್ಟು ಶಾಖ ನೀರು ಆರಿಸೋಕೇ ಹೋಗುತ್ತೆ, ಮಸಿ ಬೇರೆ.)

ಅನುಮಾನ ಬಾಗಿಲ ಮೇಲೆ. ತಣ್ಣಗಿರುವಾಗ ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ, ಮೇಲೆ ಬಿಗಿ, ಕೆಳಗಿನ ಬಲಮೂಲೆಯಲ್ಲಿ ಸಲೀಸಾಗಿ ಜಾರಿ ಬರುತ್ತೆ. ಅಂದರೆ ಗಾಳಿ ಕಿಂಡಿ ಮುಚ್ಚಿದರೂ ಅಲ್ಲಿಂದ ಗಾಳಿ ಎಳೀತಿದೆ. ಬೂದಿ ಬಾಗಿಲೂ ಹಾಗೇ.

ಈ ಸಂದು ಮುಚ್ಚಲು ತಗಡಿನ ಬಾಗಿಲಿಗೆ ಗ್ಲಾಸ್ ಫೈಬರ್ ಹಗ್ಗ ಕೂರಿಸಿದವರು ಇದ್ದೀರಾ? ಎಷ್ಟು ಮಿಲಿಮೀಟರ್ ಹಗ್ಗ, ಅಂಚಿಗೆ ಪಟ್ಟಿ ವೆಲ್ಡ್ ಮಾಡಿಸಿದಾಗ ತಗಡು ಸೊಟ್ಟಗಾಗದಂತೆ ಏನು ಮಾಡಿದಿರಿ? ಕಟ್ಟಿಗೆ ಕೆಳಗಿನ ಜಾಲರಿ ತೆಗೆದು 2 ಇಂಚು ಬೂದಿ ಹಾಸಿನ ಮೇಲೇ ಉರಿಸಿದರೆ ಡ್ರಮ್ಮಿನ ತಳ ಎಷ್ಟು ವರ್ಷ ಬಾಳುತ್ತೆ?

ಕೊಳವೆಗೆ ಪೂರ್ತಿ ಮುಚ್ಚುವ ತಟ್ಟೆ ಹಾಕಿ ಅಂತ ಮಾತ್ರ ಹೇಳಬೇಡಿ. ಪಕ್ಕದ ಕೋಣೆಯಲ್ಲಿ ಜನ ಮಲಗುತ್ತಾರೆ, ಕೆಂಡದ ವಿಷಗಾಳಿಗೆ ವಾಸನೆಯೂ ಇರಲ್ಲ.