ಪಶುವೈದ್ಯರಿಗೆ ಕೇಳಿ: ಕಂಬಳದ ಕೋಣಕ್ಕೆ ಹಿಂಸೆ ಆಗುತ್ತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮೂರು ಬಂಟ್ವಾಳದ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. 2023ರ ನವೆಂಬರಿನಲ್ಲಿ ಅರಮನೆ ಮೈದಾನದಲ್ಲಿ ಕಂಬಳ ಆದಾಗ ಮಗಳನ್ನೂ ಕರೆದುಕೊಂಡು ಹೋಗಿದ್ದೆ. "ಅಪ್ಪಾ, ಅದಕ್ಕೆ ಓಡೋಕೆ ಇಷ್ಟ ಇದ್ರೆ ಹೊಡೆಯೋದು ಯಾಕೆ?" ಅಂತ ಕೇಳಿದಳು. ಮನೆ ಮಕ್ಕಳ ಹಾಗೆ ಸಾಕ್ತಾರೆ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ಸುಪ್ರೀಂ ಕೋರ್ಟೇ ಒಪ್ಪಿದೆ ಅಲ್ವಾ, ಇನ್ನೂ ಇದು ಹಿಂಸೆಯೇ?

ಉತ್ತರ: ಮಗಳು ಕೇಳಬೇಕಾದ್ದನ್ನೇ ಕೇಳಿದ್ದಾಳೆ. ಚೆನ್ನಾಗಿ ಸಾಕುತ್ತಾರೆ ಅನ್ನುವುದು ನಿಜ. ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಈಜಿಸುತ್ತಾರೆ, ಹಟ್ಟಿಗೆ ಫ್ಯಾನ್ ಹಾಕಿಸಿದವರೂ ಇದ್ದಾರೆ. ಆದರೆ ಹಟ್ಟಿಯಲ್ಲಿ ತೋರಿಸಿದ ಪ್ರೀತಿಯಿಂದ ಕರೆಯಲ್ಲಿ, ಅಂದರೆ ಓಟದ ಕೆಸರುಗದ್ದೆಯಲ್ಲಿ, ಬಿದ್ದ ಪೆಟ್ಟಿನ ನೋವು ಕಡಿಮೆ ಆಗುವುದಿಲ್ಲ.

ಕೋಣಕ್ಕೆ ಬೆವರು ಗ್ರಂಥಿಗಳು ದನಕ್ಕಿಂತ ಕಡಿಮೆ. ಕಪ್ಪು ಚರ್ಮ ಬಿಸಿಲನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಕೆಸರು ಕಂಡರೆ ಹೋಗಿ ಮಲಗುತ್ತದೆ. ಕರೆಯ ಕೆಸರಿನಲ್ಲಿ ನಾವು ಅದನ್ನು ಓಡಿಸುತ್ತೇವೆ. 2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಜತೆ ಹೋಲಿಸಿತು. ಅವರ ಸಾಧನೆ ದೊಡ್ಡದೇ. ಆದರೆ ಅಷ್ಟೇ ದೂರ, ಅಷ್ಟೇ ವೇಗದಲ್ಲಿ ಓಡಿದ ಎರಡು ಕೋಣಗಳ ಮೈ ಏನಾಗಿತ್ತು ಅಂತ ಹೆಚ್ಚಿನವರು ಕೇಳಲಿಲ್ಲ.

ಇನ್ನೊಮ್ಮೆ ಹೋದರೆ ಓಟ ಮುಗಿಯುವ ಜಾಗವಾದ ಮಂಜೊಟ್ಟಿಯ ಹತ್ತಿರ ನಿಂತು ನೋಡಿ. ಕಣ್ಣಿನ ಬಿಳಿ ಭಾಗ ಜಾಸ್ತಿ ಕಾಣುತ್ತಿದೆಯೇ? ಬಾಯಿ ತೆರೆದು ಉಸಿರಾಡುತ್ತಿದೆಯೇ? ಜೊಲ್ಲು ನೊರೆ ನೊರೆಯಾಗಿ ಇಳಿಯುತ್ತಿದೆಯೇ? ಬೆನ್ನಿನ ಹಿಂಭಾಗದಲ್ಲಿ ಬಾಸುಂಡೆ ಎದ್ದಿದೆಯೇ? ಓಟ ಶುರುವಾಗುವ ಗಂತಿನಲ್ಲಿ ಕೋಣ ನಿಲ್ಲದೆ ಕೊಸರಾಡಿದರೆ ಹುರುಪು ಅಂದುಕೊಳ್ಳುತ್ತೇವೆ. ಹೆದರಿದ ಕೋಣವೂ ಹಾಗೇ ಕೊಸರಾಡುತ್ತದೆ.

ಕೋರ್ಟಿನ ವಿಷಯ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟ ನಿಲ್ಲಿಸಿತು. 2016ರಲ್ಲಿ ನಮ್ಮ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. ಆಮೇಲೆ ರಾಜ್ಯ ಸರ್ಕಾರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಕೋಣಕ್ಕೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತು ಹಾಗೇ ಇದೆ. ಬೆತ್ತ ಬೀಸಲು ಯಾವ ಕೋರ್ಟೂ ಅನುಮತಿ ಕೊಟ್ಟಿಲ್ಲ. ಇನ್ನು 1960ರ ಮೂಲ ಕಾಯ್ದೆಯಲ್ಲಿ ಪ್ರಾಣಿಹಿಂಸೆಗೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅಷ್ಟಕ್ಕೆ ಯಾರು ಹೆದರುತ್ತಾರೆ?

ಇನ್ನೊಬ್ಬ ಸದಸ್ಯರು: ಸರ್, ಟಿಲ್ಲರ್ ಬಂದ ಮೇಲೆ ಗದ್ದೆಗೆ ಕೋಣ ಬೇಡ. ಕಂಬಳವೂ ನಿಂತರೆ ಗಂಡುಕರುವನ್ನು ಯಾರು ಸಾಕ್ತಾರೆ? ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕೋಣ ಇದೆ. ಹಿಂಸೆ ಅಂದರೆ ಬೇಜಾರಾಗುತ್ತೆ.

ಉತ್ತರ: ನಿಮ್ಮ ಬೇಜಾರು ಅರ್ಥ ಆಗುತ್ತದೆ. ಕಂಬಳ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ಸಾಕಿದ್ದೇವೆ ಅನ್ನುವ ಕಾರಣಕ್ಕೆ ನೋಯಿಸುವ ಹಕ್ಕು ನಮಗೆ ಬರುವುದಿಲ್ಲ. ಕಂಬಳದ ಕನೆಹಲಗೆ ವಿಭಾಗವನ್ನು ನೆನಪು ಮಾಡಿಕೊಳ್ಳಿ. ಅಲ್ಲಿ ನೀರು ಚಿಮ್ಮಿ ಮೇಲಿನ ನಿಶಾನೆ ಮುಟ್ಟಿತೇ ಅನ್ನುವುದೇ ಲೆಕ್ಕ, ಯಾರು ಮೊದಲು ಬಂದರು ಅಂತಲ್ಲ. ಅಂದರೆ ಸೆಕೆಂಡು ಎಣಿಸದೆಯೂ ಕಂಬಳ ಕಳೆಗಟ್ಟುತ್ತದೆ. ಹಗ್ಗ, ನೇಗಿಲು ಎಂಬ ಓಟದ ವಿಭಾಗಗಳಲ್ಲಿ ಸೆಕೆಂಡಿನ ಚೂರಿಗೆ ಸೋಲು ಗೆಲುವು ನಿಂತಿರುವುದರಿಂದಲೇ ಕೈ ಬೆತ್ತಕ್ಕೆ ಹೋಗುತ್ತದೆ. ಬಾಯಲ್ಲಿ ಕೂಗಿ ಓಡಿಸಿ, ಸಾಕು. ರಾತ್ರಿಯಿಡೀ ಒಂದೇ ಜೋಡಿಯನ್ನು ಸುತ್ತಿನ ಮೇಲೆ ಸುತ್ತು ಇಳಿಸುವಾಗ ನಡುವೆ ಮೈಗೆ ನೀರು ಹೊಯ್ದು, ಉಸಿರು ತಹಬಂದಿಗೆ ಬರುವವರೆಗೆ ಕಾಯಿರಿ.

ಮೊದಲು ಕೇಳಿದವರು: ಹಾಗಾದರೆ ಮಗಳಿಗೆ ಏನು ಹೇಳಲಿ?

ಉತ್ತರ: ಹೊಡೆಯುವುದು ತಪ್ಪು ಅಂತ ಅವಳಿಗೆ ಅನ್ನಿಸಿದ್ದು ಸರಿ ಅಂತ ಹೇಳಿ. ನಿಮ್ಮೂರಿನ ಕಂಬಳ ಸಮಿತಿಗೂ ಒಂದು ಪತ್ರ ಹಾಕಿ. ಬೆತ್ತ ಬಿದ್ದ ಜೋಡಿಯ ಓಟ ಲೆಕ್ಕಕ್ಕಿಲ್ಲ ಅಂತ ನಿಯಮ ಮಾಡಲಿ. ಕೋಣ ದಣಿದಿದೆ ಅಂತ ಪಶುವೈದ್ಯರು ಹೇಳಿದರೆ ಯಜಮಾನರು ಎಷ್ಟೇ ದೊಡ್ಡವರಾದರೂ ಆ ಜೋಡಿಯನ್ನು ಮುಂದಿನ ಸುತ್ತಿಗೆ ಇಳಿಸಬಾರದು. ಪತ್ರದಲ್ಲಿ ಮಗಳ ಪ್ರಶ್ನೆಯನ್ನೂ ಬರೆಯಿರಿ.